ಮುರಿದ ಕಾಲು, ಎಚ್ಚರದ ಕಣ್ಣು

1521ನೇ ಇಸವಿಯ ಮೇ 20ರಂದು ಉತ್ತರ ಸ್ಪೇನಿನ ಪಾಂಪ್ಲೋನಾ ಕೋಟೆಯ ಮೇಲೆ ಫ್ರೆಂಚ್ ಸೈನ್ಯವು ಹಾರಿಸಿದ ಫಿರಂಗಿ ಗುಂಡೊಂದು ಸುಮಾರು ಮೂವತ್ತು ವರ್ಷ ಪ್ರಾಯದ ಒಬ್ಬ ಯೋಧನ ಕಾಲುಗಳ ನಡುವೆ ಹಾದುಹೋಯಿತು. ಒಂದು ಕಾಲಿನ ಮೂಳೆ ನುಚ್ಚುನೂರಾಯಿತು. ಮತ್ತೊಂದಕ್ಕೆ ತೀವ್ರ ಗಾಯವಾಯಿತು. ಆ ಯೋಧನೇ ಮುಂದೆ ಯೇಸುಸಭೆಯನ್ನು ಸ್ಥಾಪಿಸಿದ ಲೊಯೋಲದ ಸಂತ ಇಗ್ನೇಷಿಯಸ್. ಹಾಸಿಗೆ ಹಿಡಿದ ಆ ತಿಂಗಳುಗಳಲ್ಲಿ ಅವರು ಓದಿದ ಕ್ರಿಸ್ತಚರಿತ್ರೆ ಹಾಗೂ ಸಂತರ ಚರಿತ್ರೆಗಳು ಅವರ ಬಾಳನ್ನೇ ಬದಲಿಸಿದವೆಂಬುದು ಜುಲೈ 31ರ ಹಬ್ಬದ ಪ್ರಬೋಧನೆಗಳಲ್ಲಿ ನಾವು ವರ್ಷವರ್ಷವೂ ಕೇಳುವ ಸಂಗತಿ. ಈ ಲೇಖನದ ವಿಷಯ ಆ ಪುಸ್ತಕಗಳಲ್ಲ, ಆ ಕಾಲು. ಶಸ್ತ್ರಚಿಕಿತ್ಸೆ ಮುಗಿದ ಮೇಲೆ ಆ ಕಾಲನ್ನು ಯಾರು ನೋಡಿದರು, ಏನನ್ನು ನೋಡಿದರು, ಏನನ್ನು ನೋಡಲು ಅವರಿಗೆ ತಿಳಿದಿರಲಿಲ್ಲ ಎಂಬುದು.

ಗೆದ್ದ ಫ್ರೆಂಚರು ಸೋತ ಶತ್ರುವಿಗೆ ಸೌಜನ್ಯದಿಂದಲೇ ಚಿಕಿತ್ಸೆ ಕೊಡಿಸಿದರು. ಹನ್ನೆರಡು ಹದಿನೈದು ದಿನಗಳ ನಂತರ ಅವರನ್ನು ಡೋಲಿಯಲ್ಲಿ ಮಲಗಿಸಿ ಬೆಟ್ಟದ ಹಾದಿಯಲ್ಲಿ ಲೊಯೋಲದ ಮನೆಗೆ ಹೊತ್ತು ತಂದರು. ಅಲ್ಲಿ ಸೇರಿದ ವೈದ್ಯರೂ ಶಸ್ತ್ರವೈದ್ಯರೂ ಪರೀಕ್ಷಿಸಿ, ಮೂಳೆಗಳು ತಮ್ಮ ಸ್ಥಾನದಲ್ಲಿಲ್ಲ, ಮೊದಲೇ ಸರಿಯಾಗಿ ಕೂಡಿಸಿರಲಿಲ್ಲವೋ ಹಾದಿಯ ಕುಲುಕಾಟದಲ್ಲಿ ಜಾರಿದವೋ, ಅಂತೂ ಕಾಲನ್ನು ಮತ್ತೆ ಮುರಿದು ಕೂಡಿಸಬೇಕೆಂದು ತೀರ್ಮಾನಿಸಿದರು. ಅರಿವಳಿಕೆ ಎಂಬುದು ಇನ್ನೂ ಮೂರು ಶತಮಾನಗಳಷ್ಟು ದೂರದಲ್ಲಿತ್ತು. ಆ ಸಮಯದಲ್ಲಿ ತಾವು ಒಂದು ಮಾತನ್ನೂ ಆಡಲಿಲ್ಲ, ಮುಷ್ಟಿಗಳನ್ನು ಬಿಗಿ ಹಿಡಿದದ್ದನ್ನು ಬಿಟ್ಟರೆ ನೋವಿನ ಬೇರಾವ ಗುರುತನ್ನೂ ತೋರಲಿಲ್ಲ ಎಂದು ಮುಂದೆ ತಮ್ಮ ಆತ್ಮಕಥನವನ್ನು ಬರೆಸುವಾಗ ಇಗ್ನೇಷಿಯಸರು ನೆನೆದರು.

ಆ ಬಳಿಕ ಅವರ ಸ್ಥಿತಿ ದಿನದಿನಕ್ಕೆ ಹದಗೆಟ್ಟಿತು. ಆಹಾರ ಸೇರಲಿಲ್ಲ. ಸ್ನಾನಿಕ ಯೊವಾನ್ನರ ಹಬ್ಬದ ದಿನ ಪಾಪನಿವೇದನೆ ಮಾಡಿಕೊಳ್ಳಲು ಸಲಹೆ ಬಂತು. ಸಂತ ಪೇತ್ರ ಮತ್ತು ಪೌಲರ ಹಬ್ಬದ ಮುನ್ನಾದಿನ, ಇಂದು ನಡುರಾತ್ರಿಯೊಳಗೆ ಗುಣ ಕಾಣದಿದ್ದರೆ ಆಸೆ ಬಿಡಬಹುದು ಎಂದು ವೈದ್ಯರು ನುಡಿದರು. ಅದೇ ನಡುರಾತ್ರಿ ಚೇತರಿಕೆ ಆರಂಭವಾಯಿತು. ಸಂತ ಪೇತ್ರರ ಮೇಲಿನ ಭಕ್ತಿಯನ್ನು ಅವರು ಇದರೊಡನೆ ಸ್ಮರಿಸುತ್ತಾರೆ. ಆ ಕೃಪೆಯ ವಿಚಾರದಲ್ಲಿ ನಮಗೆ ವಾದವಿಲ್ಲ. ಆದರೆ ಇತಿಹಾಸದ ವಿದ್ಯಾರ್ಥಿ ಗಮನಿಸಬೇಕಾದ ಮಾತೊಂದಿದೆ. ವೈದ್ಯರು ನಡುರಾತ್ರಿಯ ಗಡುವು ಕೊಟ್ಟದ್ದು ಯಾವ ಲಕ್ಷಣದ ಆಧಾರದ ಮೇಲೆ? ಜ್ವರವನ್ನು ಅಳೆಯುವ ಉಪಕರಣವಿರಲಿಲ್ಲ. ಗಾಯ ಕೀವುಗಟ್ಟುವುದು ಏಕೆಂದು ಗೊತ್ತಿರಲಿಲ್ಲ. ರಕ್ತ ಪರಿಚಲನೆಯನ್ನು ವಿಲಿಯಂ ಹಾರ್ವೆ ಪ್ರಕಟಿಸಿದ್ದು ನೂರೇಳು ವರ್ಷಗಳ ನಂತರ, 1628ರಲ್ಲಿ. ಮುಖದ ಕಳೆ, ನಾಡಿಯ ಬಲ, ಮೈಯ ಬಿಸಿ ಇಷ್ಟೇ ಅವರ ಕೈಗೆಟುಕುತ್ತಿದ್ದ ಸಾಕ್ಷ್ಯ.

ಮೂಳೆಗಳು ಕೂಡಿಕೊಂಡವು, ಆದರೆ ಮೊಣಕಾಲಿನ ಕೆಳಗೆ ಒಂದರ ಮೇಲೊಂದು ಏರಿ ಕೂಡಿದವು. ಕಾಲು ಗಿಡ್ಡವಾಯಿತು, ಮೂಳೆಯೊಂದು ಅಸಹ್ಯವಾಗಿ ಉಬ್ಬಿ ನಿಂತಿತು. ಆಸ್ಥಾನದ ಬಿಗಿಯಾದ ಬೂಟು ಧರಿಸಲು ಅದು ಅಡ್ಡಿಯೆಂದು, ಅದನ್ನು ಕತ್ತರಿಸಿ ತೆಗೆಯಿರೆಂದು ಅವರೇ ಕೇಳಿಕೊಂಡರು. ಹಿಂದಿನ ಎಲ್ಲ ನೋವಿಗಿಂತ ಇದು ಹೆಚ್ಚಾಗುವುದೆಂದು ಎಚ್ಚರಿಸಿದರೂ ಒಪ್ಪಲಿಲ್ಲ, ಅಣ್ಣನಂತೂ ಬೆಚ್ಚಿದನು. ಮಾಂಸ ಕೊಯ್ದು ಮೂಳೆ ಕತ್ತರಿಸಿದ ನಂತರ ದಿನಗಟ್ಟಲೆ ಮುಲಾಮು ಹಚ್ಚಿ, ಯಂತ್ರಗಳಿಂದ ಕಾಲನ್ನು ಎಳೆದು ನೀಳ ಮಾಡುವ ಪ್ರಯತ್ನ ನಡೆಯಿತು. ಆ ಮನೆಯ ಒಡತಿ, ಅತ್ತಿಗೆ ಮಗ್ದಲೇನಾ, ರೋಗಿಗೆ ನೆರವಾದವಳೆಂದು ಸಂಪ್ರದಾಯ ನೆನೆಯುತ್ತದೆ. ಇಗ್ನೇಷಿಯಸರು ಜೀವನಪರ್ಯಂತ ಕುಂಟುತ್ತಲೇ ನಡೆದರು. ಆ ಕಾಲಿನಲ್ಲಿಯೇ ಯೆರೂಸಲೇಮಿನ ಯಾತ್ರೆಯನ್ನೂ ಮಾಡಿದರು.

ಬಿಗಿಹಿಡಿದ ಆ ಮುಷ್ಟಿಯ ಬಗ್ಗೆ ಒಂದು ಮಾತು. ನೋವನ್ನು ನುಂಗಿಕೊಂಡವನನ್ನು ಮೆಚ್ಚುವುದು ನಮ್ಮ ಮನೆಗಳ ರೂಢಿ. "ಎಷ್ಟು ನೋವಿದ್ದರೂ ಅಮ್ಮ ಒಂದು ಮಾತು ಆಡಲಿಲ್ಲ ಫಾದರ್" ಎಂದು ಮಕ್ಕಳು ಹೆಮ್ಮೆಯಿಂದ ಹೇಳುವುದನ್ನು ಆಸ್ಪತ್ರೆಗೆ ಪರಮಪ್ರಸಾದ ಕೊಂಡೊಯ್ಯುವ ಗುರುಗಳೆಲ್ಲರೂ ಕೇಳಿರುತ್ತಾರೆ. ಆದರೆ ಕಾಲಿನ ಮೂಳೆಯ ಶಸ್ತ್ರಚಿಕಿತ್ಸೆಯಾದ ಮೊದಲ ಎರಡು ದಿನ ಈ ಮೌನ ಅಪಾಯಕಾರಿ. ಕಾರಣವಿಷ್ಟು. ಮೊಣಕಾಲಿನಿಂದ ಕೆಳಗಿನ ಸ್ನಾಯುಗಳು ನಾಲ್ಕು ಪ್ರತ್ಯೇಕ ಕೋಣೆಗಳಲ್ಲಿ ಅಡಕವಾಗಿವೆ. ಆ ಕೋಣೆಗಳ ಗೋಡೆ ಎಂದರೆ ಹಿಗ್ಗಲಾರದ ಗಟ್ಟಿ ಪೊರೆ. ಒಳಗೆ ರಕ್ತಸ್ರಾವವಾಗಿ ಅಥವಾ ಊತ ಬಂದು ಒತ್ತಡ ಏರಿದರೆ ಸ್ನಾಯುಗಳಿಗೂ ನರಗಳಿಗೂ ರಕ್ತ ತಲುಪದು. ಸುಮಾರು ಆರು ಗಂಟೆಗಳೊಳಗೆ ಪೊರೆಯನ್ನು ಸೀಳಿ ಒತ್ತಡ ಇಳಿಸದಿದ್ದರೆ ಸತ್ತ ಸ್ನಾಯು ಮತ್ತೆ ಜೀವ ತಳೆಯುವುದು ಕಷ್ಟ. ಮೂಳೆ ಚೆನ್ನಾಗಿ ಕೂಡಿರುತ್ತದೆ, ಪಾದ ಮಾತ್ರ ನಿರುಪಯುಕ್ತವಾಗಿರುತ್ತದೆ. ಇದರ ಮೊದಲ ಮುನ್ಸೂಚನೆ ನೋವು: ಗಾಯಕ್ಕೆ ತಕ್ಕುದಕ್ಕಿಂತ ಮಿಗಿಲಾದ, ಔಷಧಕ್ಕೆ ಬಗ್ಗದ, ಕಾಲ್ಬೆರಳುಗಳನ್ನು ಮೆಲ್ಲನೆ ಮೇಲಕ್ಕೆ ಬಗ್ಗಿಸಿದರೆ ಚೀರಿಸುವ ನೋವು. ಆಗಲೂ ಪಾದದ ನಾಡಿ ಮಿಡಿಯುತ್ತಿರಬಹುದು, ಬೆರಳುಗಳು ಬೆಚ್ಚಗಿರಬಹುದು. ಹಾಗಾಗಿಯೇ ನುರಿತ ದಾದಿಯು ನಾಡಿ ಸಿಕ್ಕಿತೆಂದು ಸಮಾಧಾನಪಟ್ಟು ಹೋಗುವುದಿಲ್ಲ, ರೋಗಿಯನ್ನು ಮಾತನಾಡಿಸುತ್ತಾಳೆ. ಆ ಹೊತ್ತಿನಲ್ಲಿ ನೋವನ್ನು ದೇವರಿಗೆ ಒಪ್ಪಿಸಿ ಸುಮ್ಮನಿರುವುದಕ್ಕಿಂತ ಅದನ್ನು ದಾದಿಗೆ ಹೇಳುವುದೇ ಲೇಸೆಂದು ನಾನು ನಂಬುತ್ತೇನೆ. ದೇವರಿಗೆ ಅದು ಹೇಳದೆಯೂ ತಿಳಿದಿದೆ.

ಈ ವಿಚಾರವನ್ನು ವೈದ್ಯಲೋಕದ ಮುಂದಿಟ್ಟವರು ಜರ್ಮನಿಯ ಹಾಲೆ ನಗರದ ಶಸ್ತ್ರವೈದ್ಯ ರಿಚರ್ಡ್ ಫೋಕ್‌ಮನ್. ಅತಿ ಬಿಗಿಯಾದ ಕಟ್ಟುಗಳ ತರುವಾಯ ಕೈಕಾಲುಗಳು ಸೆಟೆದು ಮುದುಡಿಹೋಗುವುದು ನರದ ದೋಷದಿಂದಲ್ಲ, ಸ್ನಾಯುವಿಗೆ ರಕ್ತ ತಪ್ಪಿದ್ದರಿಂದ ಎಂದು 1881ರಲ್ಲಿ ಅವರು ಬರೆದರು. ಬಿದಿರಿನ ದಬ್ಬೆಯಿಟ್ಟು ಬಿಗಿದು ಕಟ್ಟುವ ನಾಟಿ ಚಿಕಿತ್ಸೆ ನಮ್ಮ ಹಳ್ಳಿಗಳಲ್ಲಿ ಇಂದಿಗೂ ಇದೆ. ಹಲವರಿಗೆ ಅದರಿಂದ ಗುಣವೂ ಆಗಿದೆ. ಆದರೆ ಕಟ್ಟಿದ ರಾತ್ರಿ ಬೆರಳುಗಳು ನೀಲಿಗಟ್ಟಿದರೆ ಅಥವಾ ಜೋಮು ಹಿಡಿದರೆ ಬೆಳಗಾಗಲೆಂದು ಕಾಯುವುದು ಸಲ್ಲದು.

ಇಗ್ನೇಷಿಯಸರ ನಂತರದ ತಲೆಮಾರಿನಲ್ಲಿ ಇನ್ನೊಂದು ಕಾಲು ಮುರಿಯಿತು. 1561ರಲ್ಲಿ ಫ್ರಾನ್ಸಿನ ಹೆಸರಾಂತ ಶಸ್ತ್ರವೈದ್ಯ ಅಂಬ್ರಾಸ್ ಪಾರೆಯವರನ್ನು ಕುದುರೆ ಒದ್ದು, ಕಣಕಾಲಿನ ಮೇಲಿನ ಎರಡೂ ಮೂಳೆಗಳು ಮುರಿದು ಚರ್ಮ ಹರಿದು ಹೊರಬಂದವು. ಅಂಥ ಕಾಲನ್ನು ಕತ್ತರಿಸುವುದೇ ಆ ಕಾಲದ ವಾಡಿಕೆ. ಪಾರೆ ಕತ್ತರಿಸಲು ಬಿಡಲಿಲ್ಲ. ತಮ್ಮನ್ನು ಗೆಳೆಯನೆಂದು ಕನಿಕರಿಸದೆ ಅಪರಿಚಿತನಂತೆ ಕಂಡು ಚಿಕಿತ್ಸೆ ಮಾಡುವಂತೆ ಸಹೋದ್ಯೋಗಿಗಳನ್ನು ಕೇಳಿಕೊಂಡರು. ಜ್ವರ ಬಂತು, ಕೀವಾಯಿತು, ಕಡೆಗೆ ಕಾಲು ಉಳಿಯಿತು. ರೋಗಿಯೂ ವೈದ್ಯನೂ ಒಬ್ಬನೇ ಆದುದರಿಂದ ಪ್ರತಿಯೊಂದು ಲಕ್ಷಣವೂ ದಾಖಲಾಯಿತು. ಬಹುಶಃ ಮುರಿದ ಕಾಲೊಂದರ ಕುರಿತು ಹಾಸಿಗೆಯ ಮೇಲಿಂದಲೇ ಅಷ್ಟು ವಿವರವಾಗಿ ಬರೆದವರು ಅದಕ್ಕೆ ಮೊದಲು ಇರಲಿಲ್ಲ.

ಅದೇ ಶತಮಾನದ ರೋಮಿನಲ್ಲಿ ಕಾಲಿನ ಗಾಯವೊಂದು ದಾದಿಯರ ಪಾಲಕ ಸಂತರನ್ನೇ ಕೊಟ್ಟಿತು. ಸೈನಿಕನೂ ಜೂಜುಕೋರನೂ ಆಗಿದ್ದ ಕಮಿಲ್ಲುಸ್ ದೆ ಲೆಲ್ಲಿಸ್ ವಾಸಿಯಾಗದ ಕಾಲಿನ ಹುಣ್ಣಿನಿಂದ ಸಂತ ಯಾಕೋಬರ ಆಸ್ಪತ್ರೆ ಸೇರಿದರು. ಸಂಬಳದ ಆಳುಗಳು ರೋಗಿಗಳನ್ನು ನೋಡಿಕೊಳ್ಳುತ್ತಿದ್ದ ಬಗೆಯನ್ನು ಕಂಡು ಮನನೊಂದು, ಕೂಲಿಗಾಗಿಯಲ್ಲದೆ ಪ್ರೀತಿಗಾಗಿ ಸೇವೆಮಾಡುವ ಗುಂಪೊಂದನ್ನು ಕಟ್ಟಿದರು. 1614ರಲ್ಲಿ ತೀರಿಕೊಳ್ಳುವವರೆಗೂ ಅವರ ಸ್ವಂತ ಕಾಲಿನ ಹುಣ್ಣು ಮಾಯಲೇ ಇಲ್ಲ. 1930ರಲ್ಲಿ ಹನ್ನೊಂದನೇ ಪಿಯುಸ್ ಜಗದ್ಗುರುಗಳು ಅವರನ್ನೂ ದೇವರ ಸಂತ ಯೊವಾನ್ನರನ್ನೂ ದಾದಿಯರ ಪಾಲಕರೆಂದು ಘೋಷಿಸಿದರು.

ಪ್ರೀತಿ ಇತ್ತು, ತಿಳಿವಳಿಕೆ ಬರಲು ಇನ್ನೂ ಕಾಯಬೇಕಿತ್ತು. ಅದು ಬಂದದ್ದು ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರಕ್ಕೆ, 1865ರ ಆಗಸ್ಟ್ 12ರಂದು. ಹನ್ನೊಂದು ವರ್ಷದ ಜೇಮ್ಸ್ ಗ್ರೀನ್‌ಲೀಸ್ ಎಂಬ ಬಾಲಕನ ಎಡಗಾಲಿನ ಮೇಲೆ ಗಾಡಿಯ ಚಕ್ರ ಹರಿದು, ಮೂಳೆ ಮುರಿದು ಚರ್ಮವೂ ಹರಿದಿತ್ತು. ಅವನನ್ನು ರಾಯಲ್ ಇನ್‌ಫರ್ಮರಿಗೆ ತಂದರು. ಚರ್ಮ ಹರಿಯದ ಮುರಿತವಾದರೆ ರೋಗಿ ಬದುಕುವನು, ಹರಿದರೆ ಕೊಳೆತು ಕಾಲನ್ನೋ ಪ್ರಾಣವನ್ನೋ ಕಳೆದುಕೊಳ್ಳುವನು ಎಂಬುದು ಅಂದಿನ ಶಸ್ತ್ರವೈದ್ಯರಿಗೆಲ್ಲ ತಿಳಿದಿದ್ದ ಕಟು ಸತ್ಯ. ಇವೆರಡರ ನಡುವಿನ ವ್ಯತ್ಯಾಸ ಒಂದು ಅಂಗುಲ ಚರ್ಮ ಮಾತ್ರ. ಲೂಯಿ ಪಾಶ್ಚರರ ಬರಹಗಳನ್ನು ಓದಿದ್ದ ಜೋಸೆಫ್ ಲಿಸ್ಟರ್, ಕೊಳೆತಕ್ಕೆ ಕಾರಣ ಗಾಳಿಯಲ್ಲ, ಗಾಳಿಯೊಡನೆ ಬರುವ ಸೂಕ್ಷ್ಮಜೀವಿಗಳು ಎಂದು ತರ್ಕಿಸಿದ್ದರು. ಹುಡುಗನ ಗಾಯಕ್ಕೆ ಕಾರ್ಬಾಲಿಕ್ ಆಮ್ಲದಲ್ಲಿ ಅದ್ದಿದ ಬಟ್ಟೆಯನ್ನಿರಿಸಿ, ದಬ್ಬೆಗಳನ್ನು ಕಟ್ಟಿಸಿದರು.

ನಾಲ್ಕು ದಿನ ಆ ಕಟ್ಟನ್ನು ಬಿಚ್ಚಲಿಲ್ಲ. ನಾಲ್ಕನೆಯ ದಿನ ಹುಡುಗ ಉರಿಯುತ್ತಿದೆ ಎಂದನು. ಉರಿ ಎಂದರೆ ಕೀವು, ಕೀವೆಂದರೆ ಗರಗಸ. ಅಂದಿನ ಶಸ್ತ್ರವೈದ್ಯನ ಮನಸ್ಸು ಹೋಗುತ್ತಿದ್ದ ಹಾದಿ ಅದು. ಕಟ್ಟು ಬಿಚ್ಚಿ ನೋಡಿದಾಗ ಕೊಳೆತದ ವಾಸನೆಯ ಸುಳಿವಿರಲಿಲ್ಲ. ಉರಿ ಬಂದದ್ದು ಆಮ್ಲವು ಸುತ್ತಲಿನ ಚರ್ಮವನ್ನು ಸುಟ್ಟದ್ದರಿಂದ. ಆಮ್ಲವನ್ನು ನೀರಿನಲ್ಲಿ, ಬಳಿಕ ಎಣ್ಣೆಯಲ್ಲಿ ತೆಳುವಾಗಿಸಿ ಚಿಕಿತ್ಸೆ ಮುಂದುವರಿಯಿತು. ಆರು ವಾರ ಎರಡು ದಿನಗಳಲ್ಲಿ ಮೂಳೆ ಗಟ್ಟಿಯಾಗಿ ಕೂಡಿತು. ಇಂಥ 11 ಪ್ರಕರಣಗಳ ವರದಿಯನ್ನು ಲಿಸ್ಟರ್ 1867ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದರು: ಒಬ್ಬ ಮಡಿದಿದ್ದ, ಒಬ್ಬ ಕಾಲು ಕಳೆದುಕೊಂಡಿದ್ದ, ಉಳಿದ ಒಂಬತ್ತು ಮಂದಿ ಚೇತರಿಸಿಕೊಂಡಿದ್ದರು. ಇತಿಹಾಸದ ಪುಸ್ತಕಗಳಲ್ಲಿ ಹುಡುಗನ ಹೆಸರಿದೆ, ಲಿಸ್ಟರರ ಹೆಸರಂತೂ ಇದ್ದೇ ಇದೆ. ಆ ನಾಲ್ಕು ರಾತ್ರಿ ದೀಪ ಹಿಡಿದು ಬಂದು, ಹುಡುಗನ ಹಣೆ ಮುಟ್ಟಿ, ಕಟ್ಟಿನ ಬಳಿ ಮೂಗು ತಂದು ವಾಸನೆ ನೋಡಿದವರು ಯಾರಾದರೂ ಇದ್ದರೆ ಅವರ ಹೆಸರನ್ನು ನಾನು ಎಲ್ಲಿಯೂ ಕಂಡಿಲ್ಲ.

ದೀಪವೆಂದೊಡನೆ ಓದುಗರಿಗೆ ಫ್ಲಾರೆನ್ಸ್ ನೈಟಿಂಗೇಲ್ ನೆನಪಾಗಿರಬಹುದು. 1854ರಲ್ಲಿ ಅವರು ಕ್ರಿಮಿಯಾ ಯುದ್ಧದ ಗಾಯಾಳುಗಳ ಸೇವೆಗೆ ಕರೆದೊಯ್ದ 38 ಮಂದಿಯಲ್ಲಿ ಹತ್ತು ಮಂದಿ ಕಥೋಲಿಕ ಕನ್ಯಾಸ್ತ್ರೀಯರಿದ್ದರು ಎಂಬುದನ್ನು ನಮ್ಮವರು ಅಷ್ಟಾಗಿ ನೆನೆಯುವುದಿಲ್ಲ. ಅವರಲ್ಲಿ ಬರ್ಮಂಡ್ಸಿ ಮಠದ ಮಾತೆ ಮೇರಿ ಕ್ಲೇರ್ ಮೂರ್ ನೈಟಿಂಗೇಲರ ಆಪ್ತ ಗೆಳತಿಯಾಗಿ ಕೊನೆಯವರೆಗೂ ಉಳಿದರು. ನಮ್ಮ ಆಸ್ಪತ್ರೆಗಳಲ್ಲಿ ಯಾವ ಧರ್ಮದ ದಾದಿಯನ್ನಾದರೂ ರೋಗಿಗಳು 'ಸಿಸ್ಟರ್' ಎಂದೇ ಕರೆಯುತ್ತಾರಲ್ಲವೇ? ಇಂಗ್ಲೆಂಡಿನ ಆಸ್ಪತ್ರೆಗಳ ಮೂಲಕ ಬಂದ ಆ ಪದದ ಬೇರು ಕನ್ಯಾಮಠದಲ್ಲಿದೆ.

ನೈಟಿಂಗೇಲರ ದೀಪಕ್ಕಿಂತ ದೊಡ್ಡ ಕೊಡುಗೆ ಅವರ ಪ್ರಶ್ನೆಗಳು. 1859ರಲ್ಲಿ ಪ್ರಕಟವಾದ ಶುಶ್ರೂಷೆಯ ಕುರಿತ ತಮ್ಮ ಪುಸ್ತಕದಲ್ಲಿ ಅವರು ರೋಗಿಯ ವೀಕ್ಷಣೆಗೆಂದೇ ಒಂದು ಅಧ್ಯಾಯವನ್ನು ಮೀಸಲಿಟ್ಟರು. ರಾತ್ರಿ ಚೆನ್ನಾಗಿ ನಿದ್ರೆ ಬಂತೇ ಎಂದು ಕೇಳುವುದು ಪ್ರಶ್ನೆಯೇ ಅಲ್ಲ, ಎಷ್ಟು ಗಂಟೆ ಬಂತು, ಯಾವ ಹೊತ್ತಿನಲ್ಲಿ ಎಂದು ಕೇಳಬೇಕು ಎಂಬುದು ಅವರ ವಾದದ ಸಾರ. ಉತ್ತರವನ್ನು ತಾನೇ ಒದಗಿಸುವ ಪ್ರಶ್ನೆ ರೋಗಿಯನ್ನು ಕೊಲ್ಲಬಲ್ಲದು. "ಈಗ ಹೇಗಿದ್ದೀರಿ, ಪರವಾಗಿಲ್ಲವಾ?" ಎಂದು ನಾವು ಬಾಗಿಲಲ್ಲೇ ನಿಂತು ಕೇಳುತ್ತೇವೆ, "ಪರವಾಗಿಲ್ಲ" ಎನ್ನದೆ ಆ ಬಡಪಾಯಿ ಮತ್ತೇನು ಹೇಳಿಯಾನು? ದಾದಿಯ ಪ್ರಶ್ನೆಗಳು ಬೇರೆ ಜಾತಿಯವು. ನೋವಿಲ್ಲದಿದ್ದರೆ ಸೊನ್ನೆ, ಸಹಿಸಲಸಾಧ್ಯವಾದರೆ ಹತ್ತು, ನಿಮ್ಮದು ಎಷ್ಟು? ಎಲ್ಲಿ? ಅಲುಗಾಡಿಸಿದರೆ ಹೆಚ್ಚುತ್ತದೆಯೇ? ಹೆಬ್ಬೆರಳನ್ನು ಮೇಲೆತ್ತಿ ನೋಡೋಣ. ಹೆಬ್ಬೆರಳಿಗೂ ಎರಡನೇ ಬೆರಳಿಗೂ ನಡುವೆ ಮುಟ್ಟಿದರೆ ತಿಳಿಯುತ್ತದೆಯೇ? ಈ ಕೊನೆಯ ಪ್ರಶ್ನೆ ಮಕ್ಕಳಾಟದಂತೆ ಕಾಣುತ್ತದೆ. ಆದರೆ ಪಾದವನ್ನು ಮೇಲೆತ್ತುವ ಆಳದ ನರವೊಂದು ಚರ್ಮದಲ್ಲಿ ಕೊನೆಗೊಳ್ಳುವುದು ಆ ಸಣ್ಣ ಜಾಗದಲ್ಲಿಯೇ. ಉಗುರನ್ನು ಒತ್ತಿ ಬಿಟ್ಟಾಗ ಬಿಳಿಚಿದ ಬಣ್ಣ ಎರಡು ಸೆಕೆಂಡುಗಳೊಳಗೆ ಮತ್ತೆ ಕೆಂಪೇರಬೇಕು. ಬೆನ್ನಿಗೆ ಚುಚ್ಚುಮದ್ದು ಕೊಟ್ಟು ಶಸ್ತ್ರಚಿಕಿತ್ಸೆ ಮಾಡಿದ್ದರೆ ಮೊದಲ ಕೆಲವು ಗಂಟೆ ಕಾಲಿಗೆ ಸ್ಪರ್ಶವೇ ಇರದು. ಆ ಹೊತ್ತಿನಲ್ಲಿ ರೋಗಿಯ ಬಾಯಿಯ ಮಾತಿಗಿಂತ ದಾದಿಯ ಕಣ್ಣು ಕೈಗಳ ಸಾಕ್ಷ್ಯವೇ ಹೆಚ್ಚು ನಂಬಲರ್ಹ.

ಗ್ಲಾಸ್ಗೋದ ಅದೇ ಆಸ್ಪತ್ರೆಗೆ 1879ರಲ್ಲಿ ಮುಖ್ಯ ದಾದಿಯಾಗಿ ಬಂದವರು ನೈಟಿಂಗೇಲರ ಶಾಲೆಯಲ್ಲಿ ಕಲಿತಿದ್ದ ರೆಬೆಕಾ ಸ್ಟ್ರಾಂಗ್. ವಿಧವೆ, ಒಂದು ಮಗುವಿನ ತಾಯಿ. ಶಸ್ತ್ರವೈದ್ಯ ವಿಲಿಯಂ ಮೆಕ್ಯೂವನ್‌ರ ಬೆಂಬಲದೊಡನೆ 1893ರಲ್ಲಿ ಅವರು ಒಂದು ಹೊಸ ಕ್ರಮವನ್ನು ಜಾರಿಗೆ ತಂದರು: ದಾದಿಯಾಗಬಯಸುವವಳು ವಾರ್ಡಿಗೆ ಕಾಲಿಡುವ ಮುನ್ನ ತರಗತಿಯಲ್ಲಿ ಕುಳಿತು ಅಂಗರಚನೆ, ಶರೀರಕ್ರಿಯೆ, ಆರೋಗ್ಯಶಾಸ್ತ್ರಗಳನ್ನು ಕಲಿತು ಪರೀಕ್ಷೆ ಕೊಡಬೇಕು. ಇಂದು ನಮ್ಮ ನರ್ಸಿಂಗ್ ಕಾಲೇಜುಗಳ ಮೊದಲ ವರ್ಷದ ಪಾಠಗಳ ಭಾರಕ್ಕೆ ನಿಟ್ಟುಸಿರಿಡುವ ಹೆಣ್ಣುಮಕ್ಕಳು ಈ ಹೆಸರನ್ನು ತಿಳಿದಿರಬೇಕು. ಸ್ಟ್ರಾಂಗ್ ನೂರು ವರ್ಷ ಬಾಳಿ 1944ರಲ್ಲಿ ತೀರಿಕೊಂಡರು.

ಜ್ವರಮಾಪಕದ ಕಥೆ ಚಿಕ್ಕದು. ಜ್ವರವು ರೋಗವಲ್ಲ, ರೋಗದ ಲಕ್ಷಣವೆಂದು ಲೈಪ್ಸಿಗ್‌ನ ಕಾರ್ಲ್ ವುಂಡರ್‌ಲಿಕ್ 1868ರಲ್ಲಿ ಸಾವಿರಾರು ರೋಗಿಗಳ ದಾಖಲೆಯಿಂದ ತೋರಿಸಿದರು. ಅದಕ್ಕೆ ತುಸು ಮುಂಚೆ ಇಂಗ್ಲೆಂಡಿನ ಥಾಮಸ್ ಕ್ಲಿಫರ್ಡ್ ಆಲ್‌ಬಟ್ ಆರು ಅಂಗುಲದ, ಐದು ನಿಮಿಷದಲ್ಲಿ ಉತ್ತರ ಹೇಳುವ ಜ್ವರಮಾಪಕವನ್ನು ರೂಪಿಸಿದ್ದರು. ಮೊದಲು ವೈದ್ಯರ ಕೈಯಲ್ಲೇ ಇದ್ದ ಆ ಗಾಜಿನ ಕಡ್ಡಿ ಕ್ರಮೇಣ ದಾದಿಯ ಜೇಬಿಗೆ ಇಳಿಯಿತು. ಮೀನಖಂಡದ ನೋವಿನ ಹಿಂದೆಯೂ ಒಂದು ಹೆಸರಿದೆ: ಕಾಲಿನ ಅಭಿಧಮನಿಯಲ್ಲಿ ಹೆಪ್ಪುಗಟ್ಟಿದ ರಕ್ತ ಕಳಚಿಕೊಂಡು ಪುಪ್ಪುಸಕ್ಕೆ ಹೋಗಿ ಸಿಲುಕುತ್ತದೆಂದು ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ವಿವರಿಸಿದ ರುಡಾಲ್ಫ್ ಫಿರ್ಶೋ. ತೊಡೆಮೂಳೆ ಮುರಿದವರಲ್ಲಿ ಒಂದರಿಂದ ಮೂರು ದಿನಗಳೊಳಗೆ ಮಜ್ಜೆಯ ಕೊಬ್ಬಿನ ಕಣಗಳು ರಕ್ತಕ್ಕೆ ಸೇರಿ ಉಸಿರಾಟ ಏರುವುದೂ ಬುದ್ಧಿ ಮಂಕಾಗುವುದೂ ಉಂಟು. "ಅಮಲು ಇನ್ನೂ ಇಳಿದಿಲ್ಲ" ಎಂದು ಮನೆಯವರು ಭಾವಿಸುವ ಆ ತೊದಲು ಮಾತನ್ನು ಕೇಳಿ ದಾದಿಯು ಉಸಿರನ್ನು ಎಣಿಸಲು ತೊಡಗುತ್ತಾಳೆ.

ಈ ಚರಿತ್ರೆಯಲ್ಲಿ ನನಗೆ ಅತ್ಯಂತ ಪ್ರಿಯವಾದ ವ್ಯಕ್ತಿ ಒಬ್ಬ ಕುಂಟ ದಾದಿ. 1866ರಲ್ಲಿ ಹುಟ್ಟಿದ ಆಗ್ನೆಸ್ ಹಂಟ್ ಬಾಲ್ಯದಲ್ಲೇ ನಂಜೇರಿ ಸೊಂಟದ ಕೀಲನ್ನು ಕಳೆದುಕೊಂಡವರು. ಊರುಗೋಲಿನ ಹುಡುಗಿ ದಾದಿಯಾಗುವುದೇ ಎಂದು ನಕ್ಕವರ ನಡುವೆ ತರಬೇತಿ ಮುಗಿಸಿ, 1900ರಲ್ಲಿ ಇಂಗ್ಲೆಂಡಿನ ಬಾಸ್‌ಚರ್ಚ್ ಎಂಬ ಹಳ್ಳಿಯಲ್ಲಿ ಅಂಗವಿಕಲ ಮಕ್ಕಳಿಗಾಗಿ ಆಶ್ರಯವೊಂದನ್ನು ತೆರೆದರು. ಮಹಡಿಗೆ ಮಕ್ಕಳನ್ನು ಹೊತ್ತೊಯ್ಯಲಾಗದೆ ಅಂಗಳದ ತೆರೆದ ಕೊಟ್ಟಿಗೆಗಳಲ್ಲಿ ಮಲಗಿಸಿದರು. ಗಾಳಿ ಬಿಸಿಲುಗಳಿಂದ ಅವರು ಚೆನ್ನಾಗಿಯೇ ಬೆಳೆದರು. ತಮ್ಮದೇ ಸೊಂಟದ ಚಿಕಿತ್ಸೆಗೆಂದು ಲಿವರ್‌ಪೂಲ್ ನಗರದ ಶಸ್ತ್ರವೈದ್ಯ ರಾಬರ್ಟ್ ಜೋನ್ಸ್ ಬಳಿ ಹೋದ ಹಂಟ್, ಅವರನ್ನು ತಮ್ಮ ಮಕ್ಕಳ ವೈದ್ಯರನ್ನಾಗಿಯೂ ಮಾಡಿಕೊಂಡರು. ಶಸ್ತ್ರಚಿಕಿತ್ಸೆಯಾಗಿ ಮನೆಗೆ ಹೋದ ಮಗು ಅಲ್ಲಿ ಹೇಗೆ ನಡೆಯುತ್ತಿದೆ, ಪಟ್ಟಿ ಸಡಿಲವಾಗಿದೆಯೇ ಎಂದು ಊರೂರಿಗೆ ಹೋಗಿ ನೋಡುವ ವ್ಯವಸ್ಥೆಯನ್ನು ಕಟ್ಟಿದವರು ಅವರು. ನೋವಿರುವ ಕಾಲನ್ನು ಎತ್ತುವಾಗ ಎಲ್ಲಿ ಕೈಯಿಡಬೇಕೆಂಬುದು ಅವರಿಗೆ ಪುಸ್ತಕದಿಂದ ಬಂದ ಜ್ಞಾನವಾಗಿರಲಿಲ್ಲ.

ಈ ರಾಬರ್ಟ್ ಜೋನ್ಸರ ಸೋದರತ್ತೆಯ ಗಂಡ ಹ್ಯೂ ಓವನ್ ಥಾಮಸ್, ಮೂಳೆ ಕೂಡಿಸುವ ನಾಟಿ ಮನೆತನದವರು. ತೊಡೆ ಮುರಿದವರನ್ನು ಅಲುಗಾಡದಂತೆ ಎಳೆದಿಡುವ ಕಬ್ಬಿಣದ ದಬ್ಬೆಯೊಂದನ್ನು ಅವರು ರೂಪಿಸಿದ್ದರು. ಅವರ ಜೀವಿತಕಾಲದಲ್ಲಿ ಅದನ್ನು ಹೆಚ್ಚಿನವರು ಕೇಳಲಿಲ್ಲ. ಮೊದಲ ಮಹಾಯುದ್ಧದ ಆರಂಭದಲ್ಲಿ ತೊಡೆಮೂಳೆ ಮುರಿದ ಸೈನಿಕರಲ್ಲಿ ಶೇಕಡ 80ರಷ್ಟು ಮಂದಿ ಸಾಯುತ್ತಿದ್ದರೆಂದು ಹೇಳುತ್ತಾರೆ. ಆ ಅಂಕಿ ಹೆಚ್ಚಾಯಿತೆನ್ನುವ ಇತಿಹಾಸಕಾರರೂ ಇದ್ದಾರೆ. ಯುದ್ಧಭೂಮಿಯಲ್ಲಿಯೇ ಈ ದಬ್ಬೆಯನ್ನು ಕಟ್ಟುವುದು ರೂಢಿಯಾದ ಮೇಲೆ, 1917ರ ಅರಾಸ್ ಕದನದ ವೇಳೆಗೆ, ಸಾವಿನ ಪ್ರಮಾಣ ಶೇಕಡ 16ರ ಆಸುಪಾಸಿಗೆ ಇಳಿದಿತ್ತು. ಆದರೆ ಬದುಕುಳಿದವರು ತಿಂಗಳುಗಟ್ಟಲೆ ಅಂಗಾತ ಮಲಗಬೇಕಿತ್ತು. ಹಿಮ್ಮಡಿ ಹುಣ್ಣಾಗದಂತೆ, ಬೆನ್ನಿನ ಚರ್ಮ ಒಡೆಯದಂತೆ, ತೂಕ ಕಟ್ಟಿದ ಹಗ್ಗ ಜಾರದಂತೆ ಹಗಲಿರುಳು ನೋಡುವುದು ದಾದಿಯರ ಪಾಲಿನ ಕೆಲಸ.

1939ರಲ್ಲಿ ಜರ್ಮನಿಯ ಕೀಲ್ ನಗರದ ಗೆರ್ಹಾರ್ಡ್ ಕುಂಟ್ಷರ್ ಮೂಳೆಯ ಮಜ್ಜೆಯ ಕೊಳವೆಯೊಳಗೇ ಉಕ್ಕಿನ ಸರಳನ್ನು ತೂರಿಸಿ ಮುರಿತವನ್ನು ನಿಲ್ಲಿಸುವ ಕ್ರಮವನ್ನು ಆರಂಭಿಸಿದರು. ಯುದ್ಧ ಮುಗಿದು ಸೆರೆಯಾಳುಗಳು ಮರಳಿದಾಗ, ಅವರ ತೊಡೆಯೊಳಗೆ ಉದ್ದನೆಯ ಲೋಹ ಕಂಡು ಇತರ ದೇಶಗಳ ವೈದ್ಯರು ಬೆರಗಾದರು. ಇಂದು ಬೈಕಿನಿಂದ ಬಿದ್ದು ತೊಡೆ ಮುರಿದುಕೊಂಡ ಯುವಕನು ಹಲವು ವೇಳೆ ಮರುದಿನವೇ ಮಂಚದ ಅಂಚಿನಲ್ಲಿ ಕಾಲಿಳಿಬಿಟ್ಟು ಕೂರುತ್ತಾನೆ. ನಮ್ಮ ತಾತಂದಿರ ಕಾಲದ ಮೂರು ತಿಂಗಳ ಹಾಸಿಗೆವಾಸ ಕೆಲವೇ ದಿನಗಳಿಗೆ ಇಳಿದಿದೆ. ದಾದಿಗೆ ನೋಡಲು ದೊರೆಯುವ ಕಾಲಾವಕಾಶವೂ ಅಷ್ಟೇ ಕುಗ್ಗಿದೆ.

ಹೀಗಾಗಿ ಶಸ್ತ್ರಚಿಕಿತ್ಸಾ ಕೊಠಡಿಯಿಂದ ಹೊರಬಂದ ರೋಗಿಯ ಬಳಿಗೆ ಆಕೆ ಮೊದಮೊದಲು ಹದಿನೈದು ನಿಮಿಷಕ್ಕೊಮ್ಮೆ, ಬಳಿಕ ಅರ್ಧ ಗಂಟೆಗೊಮ್ಮೆ, ಮತ್ತೆ ಗಂಟೆಗೊಮ್ಮೆ ಬರುತ್ತಾಳೆ. ಮೊದಲು ಉಸಿರು, ನಾಡಿ, ರಕ್ತದೊತ್ತಡ. ಆಮೇಲೆ ಕಟ್ಟಿನ ಮೇಲೆ ಮೂಡಿದ ರಕ್ತದ ಕಲೆಯ ಅಂಚಿಗೆ ಪೆನ್ನಿನಿಂದ ಗೆರೆ ಎಳೆದು ಪಕ್ಕದಲ್ಲಿ ಗಂಟೆ ಬರೆಯುತ್ತಾಳೆ, ಮುಂದಿನ ಬಾರಿ ಕಲೆ ಗೆರೆ ದಾಟಿದೆಯೇ ಎಂದು ತಿಳಿಯಲು. ಮುರಿಯದ ಕಾಲನ್ನೂ ಮುಟ್ಟಿ ಎರಡರ ಬಿಸಿಯನ್ನು ಹೋಲಿಸುತ್ತಾಳೆ. ಮೂತ್ರ ಎಷ್ಟಾಯಿತೆಂದು ಅಳೆಯುತ್ತಾಳೆ. ಕಾಲು ದಿಂಬಿನ ಮೇಲೆ ಸರಿಯಾಗಿದೆಯೇ, ಹಿಮ್ಮಡಿ ಹಾಸಿಗೆಗೆ ಒತ್ತುತ್ತಿದೆಯೇ ಎಂದು ಬಗ್ಗಿ ನೋಡುತ್ತಾಳೆ. ನಡುರಾತ್ರಿ ಎರಡು ಗಂಟೆಗೆ ಆಕೆ ದೀಪ ಹಾಕಿ ಮಲಗಿದ್ದವನನ್ನು ಎಬ್ಬಿಸಿದರೆ, "ಈಗಷ್ಟೇ ನಿದ್ರೆ ಹತ್ತಿತ್ತು ಸಿಸ್ಟರ್" ಎಂದು ಪಕ್ಕದಲ್ಲಿ ಕಾವಲಿರುವ ಮನೆಯವರು ಗೊಣಗುವುದುಂಟು. ಆಕೆ ಏನೂ ಹೇಳದೆ ಹೆಬ್ಬೆರಳಿನ ಉಗುರನ್ನು ಒತ್ತಿ ಬಿಟ್ಟು, ಬಣ್ಣ ಮರಳುವುದನ್ನು ನೋಡಿ, ಮಂಚದ ಕಾಲದೆಸೆಯ ಹಾಳೆಯಲ್ಲಿ ಬರೆದು ಮುಂದಿನ ಮಂಚಕ್ಕೆ ಹೋಗುತ್ತಾಳೆ.